ರೋಗಿಯ ನಿದ್ದೆ ಕಾಯುವವರ ನಿದ್ದೆ

ಆಸ್ಪತ್ರೆಯಲ್ಲಿ ರೋಗಿಯು ನಿಶ್ಚಿಂತೆಯಿಂದ ನಿದ್ರಿಸುವುದು, ಪಕ್ಕದಲ್ಲಿ ಯಾರೋ ಎಚ್ಚರವಾಗಿದ್ದಾರೆಂಬ ನಂಬಿಕೆಯಿಂದ. ಆ ಎಚ್ಚರದ ಹೊಣೆ ಹೊರಲು ಸಿದ್ಧರಾಗುತ್ತಿರುವವರು ನರ್ಸಿಂಗ್ ವಿದ್ಯಾರ್ಥಿಗಳು. ವಿಪರ್ಯಾಸವೆಂದರೆ, ಅವರಲ್ಲಿ ಅನೇಕರ ಸ್ವಂತ ನಿದ್ರೆಯನ್ನು ಇಂದು ಅಂಗೈಯಗಲದ ಸ್ಮಾರ್ಟ್‌ಫೋನ್ ಅಪಹರಿಸುತ್ತಿದೆ.

ನಾಲ್ಕು ವರ್ಷಗಳ ಬಿ.ಎಸ್‌ಸಿ. ನರ್ಸಿಂಗ್ ಆಗಲಿ, ಮೂರು ವರ್ಷಗಳ ಜಿ.ಎನ್.ಎಂ. ಆಗಲಿ ಸುಲಭದ ಓದಲ್ಲ. ವಾರ್ಡಿನ ಕೆಲಸ, ತರಗತಿಯ ಪಾಠ, ಸರದಿ ಬಂದಾಗ ರಾತ್ರಿ ಪಾಳಿ. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿಯೇ ನೋವು, ನರಳಾಟ, ಸಾವುಗಳ ದರ್ಶನ. ಊರು ಬಿಟ್ಟು ಮುಂಬಯಿ, ಪುಣೆಗಳ ವಸತಿಗೃಹ ಸೇರಿದ ಕನ್ನಡದ ಹುಡುಗಿಗೆ, ದಿನದ ದುಃಖವನ್ನು ತಾಯ್ನುಡಿಯಲ್ಲಿ ತೋಡಿಕೊಳ್ಳಲು ಎಷ್ಟೋ ಬಾರಿ ಇರುವ ದಾರಿ ಆ ಫೋನೊಂದೇ. ಪಾಠದ ಟಿಪ್ಪಣಿಗಳೂ ಪಾಳಿಯ ಪಟ್ಟಿಯೂ ಅದರಲ್ಲಿಯೇ ಬರುತ್ತವೆ. ಹೀಗಿರುವಾಗ ಫೋನನ್ನು ಕಸಿದುಕೊಂಡು ಬೀರುವಿಗೆ ಬೀಗ ಜಡಿದರೆ ಸಮಸ್ಯೆ ಬಗೆಹರಿಯಿತೆಂದು ಭಾವಿಸುವುದು, ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಹಾಗೆಂದು ಹಾನಿ ಅಲ್ಪವೇನಲ್ಲ. ಮನೆಯವರೊಡನೆ ಹತ್ತು ನಿಮಿಷ ಮಾತನಾಡಿದ ಬಳಿಕವೂ ಬೆರಳು ನಿಲ್ಲದು. ಒಂದು ರೀಲ್ ಮುಗಿಯುವಷ್ಟರಲ್ಲಿ ಮತ್ತೊಂದು. ಪರದೆಯ ಬೆಳಕು ನಿದ್ರೆಗೆ ಸನ್ನೆ ನೀಡುವ ಮೆಲಟೋನಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ; ಅಲ್ಲಿ ಕಂಡ ಸಂಗತಿಗಳು ಮನಸ್ಸನ್ನು ಕೆರಳಿಸಿ ಎಚ್ಚರವಾಗಿಡುತ್ತವೆ. ವಯಸ್ಕರಿಗೆ ಕನಿಷ್ಠ 7 ಗಂಟೆಗಳ ನಿದ್ರೆ ಬೇಕು. ದಿನಕ್ಕೆ 2 ಗಂಟೆ ಕಡಿಮೆಯಾದರೆ ವಾರಕ್ಕೆ 14 ಗಂಟೆಗಳ ಸಾಲ. ಸಿಡುಕು, ಮರೆವು, ಆತಂಕ, ಖಿನ್ನತೆಗಳೇ ಅದರ ಬಡ್ಡಿ. ತೂಕಡಿಸುವ ಕೈ ಔಷಧಿಯ ಪ್ರಮಾಣದಲ್ಲಿ ತಪ್ಪಿದರೆ, ಕೊನೆಯ ಕಂತನ್ನು ತೆರಬೇಕಾದವನು ರೋಗಿ.

ಫೋನಿನ ಚಟವನ್ನು ಅಳೆಯಲು 2013ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು 10 ಅಂಶಗಳ ಕಿರು ಮಾಪನವೊಂದನ್ನು ರೂಪಿಸಿದರು. ಅಲ್ಲಿಂದೀಚೆಗೆ ನರ್ಸಿಂಗ್ ವಿದ್ಯಾರ್ಥಿಗಳ ಮೇಲೂ ಹಲವು ಅಧ್ಯಯನಗಳು ನಡೆದಿವೆ. ಅತಿಬಳಕೆಗೂ ನಿದ್ರಾಭಂಗ, ಆತಂಕಗಳಿಗೂ ನಂಟಿದೆಯೆಂಬುದು ಅವುಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಆದರೆ ನಂಟು ಇರುವುದರಿಂದಲೇ ಕಾರಣ ಸಿದ್ಧವಾಗುವುದಿಲ್ಲ. ಒಂಟಿತನದಿಂದ ಫೋನು, ಫೋನಿನಿಂದ ಮತ್ತಷ್ಟು ಒಂಟಿತನ. ಈ ಚಕ್ರವನ್ನು ಒಂಟಿತನದ ತುದಿಯಿಂದಲೇ ಬಿಡಿಸಬೇಕು.

ಅದಕ್ಕೆ ದುಬಾರಿ ಯೋಜನೆಗಳು ಬೇಕಿಲ್ಲ. ವಿದ್ಯಾರ್ಥಿಗಳು ಫೋನನ್ನು ದಿಂಬಿನ ಬಳಿಯಿಂದ ದೂರವಿಟ್ಟು, ಬೆಳಗಿನ ಎಚ್ಚರಕ್ಕೆ ಅಲಾರಂ ಗಡಿಯಾರವನ್ನು ನೆಚ್ಚಲಿ. ಕಾಲೇಜುಗಳು ರಾತ್ರಿ ಹೊತ್ತು ಸೂಚನೆಗಳನ್ನು ಕಳುಹಿಸದಿರಲಿ. ವಾರ್ಡಿನಲ್ಲಿ ಕಂಡ ಸಾವಿನ ಬಗ್ಗೆ ಮನಬಿಚ್ಚಿ ಮಾತನಾಡಲು ಅವಕಾಶ ಕಲ್ಪಿಸಲಿ. ತಂದೆತಾಯಿಗಳು ಮಾತಿಗೊಂದು ವೇಳೆ ಗೊತ್ತುಮಾಡಿಕೊಳ್ಳಲಿ. ದುಗುಡ ಹೆಚ್ಚಿದರೆ, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಇನ್ನುಳಿದದ್ದು ಹೊರನಾಡಿನ ಕನ್ನಡ ಕುಟುಂಬಗಳ ಕರ್ತವ್ಯ. ನಗರದ ನರ್ಸಿಂಗ್ ವಸತಿಗೃಹಗಳಲ್ಲಿ ಕನ್ನಡದ ಮಕ್ಕಳು ಯಾರಿದ್ದಾರೆಂದು ಸಂಘಗಳು ವಿಚಾರಿಸಲಿ. ತಿಂಗಳಿಗೊಂದು ಭಾನುವಾರ ಯಾವುದಾದರೊಂದು ಮನೆಯಲ್ಲಿ ಅವರಿಗೆ ಊಟಕ್ಕೆ ಎಲೆ ಹಾಕಲಿ. ಬಿಸಿ ಸಾರನ್ನದ ಮುಂದೆ ಕುಳಿತು, “ಹೇಗಿದ್ದೀಯಮ್ಮಾ?” ಎಂದು ಕೇಳುವವರಿದ್ದಾಗ, ಫೋನು ತಾನಾಗಿಯೇ ಸ್ವಲ್ಪ ಹೊತ್ತು ಕೆಳಗಿಳಿಯುತ್ತದೆ.