ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಒಂಬತ್ತನೇ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಯ ಸಂಶೋಧನಾ ಪ್ರಾಜೆಕ್ಟಿಗೆ ‘ಗೂಢಚಾರರ ಲೋಕ’ ಎಂಬ ವಿಷಯ ಆರಿಸಿಕೊಂಡಳು. ಉಳಿದವರೆಲ್ಲ ಮಳೆನೀರು ಕೊಯ್ಲು, ಸೌರಶಕ್ತಿ, ಔಷಧಿ ಸಸ್ಯಗಳು ಎಂದು ಬರೆದುಕೊಟ್ಟಿದ್ದರು. ಮರುದಿನವೇ ಅವಳ ತಂದೆ ಶಾಲೆಗೆ ಬಂದರು. “ಸರ, ಇದೇನ್ ವಿಷಯರೀ? ಕದ್ದು ನೋಡೂದು, ಕದ್ದು ಕೇಳೂದು ಕಲಿಸಿದಂಗ ಆಗೂದಿಲ್ಲೇನ್ರಿ? ವಿಜ್ಞಾನಕ್ಕೂ ಇದಕ್ಕೂ ಏನ್ ಸಂಬಂಧ?” ಎಂದು ಕೇಳಿದರು.

ಪಾಲಕರ ಪ್ರಶ್ನೆ ಸಹಜವಾದದ್ದು. ಸಿನಿಮಾದ ಗೂಢಚಾರ ಎಂದರೆ ಕರಿ ಕನ್ನಡಕ, ಕೋಟು, ಪಿಸ್ತೂಲು. ಅಂಥ ಚಿತ್ರಗಳನ್ನು ಕತ್ತರಿಸಿ ಚಾರ್ಟಿಗೆ ಅಂಟಿಸಿದರೆ ಅದು ಪ್ರಾಜೆಕ್ಟು ಆಗುವುದಿಲ್ಲ. ಆದರೆ ಸರಿಯಾಗಿ ಹಿಡಿದು ಮಾಡಿದರೆ ಈ ವಿಷಯದಷ್ಟು ಚೆನ್ನಾಗಿ ವಿಜ್ಞಾನದ ತಿರುಳನ್ನು ಕಲಿಸುವ ವಿಷಯ ಇನ್ನೊಂದು ಸಿಗಲಿಕ್ಕಿಲ್ಲ. ಬೇಹುಗಾರನ ಕೆಲಸದಲ್ಲಿ ಗುಟ್ಟು ಸಂಪಾದಿಸುವುದು ಅರ್ಧ ಭಾಗ ಮಾತ್ರ. ಬಂದ ಸುದ್ದಿ ಖರೆಯೋ ಸುಳ್ಳೋ ಎಂದು ಪರೀಕ್ಷಿಸುವುದು ಉಳಿದರ್ಧ. ವಿಜ್ಞಾನಿಯ ಕೆಲಸವೂ ಇದೇ ಅಲ್ಲವೇ?

ಈ ಮಾತಿಗೆ ಬಹಳ ಹಳೆಯ ಆಧಾರ ನಮ್ಮ ರಾಜ್ಯದಲ್ಲಿಯೇ ಸಿಕ್ಕಿತು. 1905ರ ಸುಮಾರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಅಲ್ಲಿದ್ದ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ನೋಡಿದರೆ, ಹೆಸರು ಮಾತ್ರ ಉಳಿದು ಪಠ್ಯ ಕಳೆದುಹೋಗಿದೆ ಎಂದು ಎಲ್ಲರೂ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅವರು ಪ್ರಕಟಿಸಿದರು.

ಆ ಗ್ರಂಥದ ಮೊದಲ ಅಧಿಕರಣದಲ್ಲಿಯೇ ಗೂಢಪುರುಷರ ವಿಚಾರ ಬರುತ್ತದೆ. ವಿದ್ಯಾರ್ಥಿಯ ವೇಷದವನು ಕಾಪಟಿಕ, ಒಕ್ಕಲಿಗನ ವೇಷದವನು ಗೃಹಪತಿಕ, ವ್ಯಾಪಾರಿಯ ವೇಷದವನು ವೈದೇಹಕ, ಜಡೆಬಿಟ್ಟ ತಪಸ್ವಿಯ ವೇಷದವನು ತಾಪಸ. ಮಕ್ಕಳಿಗೆ ಈ ವೇಷಗಳ ಪಟ್ಟಿಯೇ ರುಚಿಸುತ್ತದೆ. ಆದರೆ ಪ್ರಾಜೆಕ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕಾದದ್ದು ಬೇರೆ ಎರಡು ಸಂಗತಿಗಳು. ಒಂದು, ಈ ಗೂಢಚಾರರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರಕೂಡದು. ಎರಡು, ಮೂವರು ತಂದ ಸುದ್ದಿ ಒಂದೇ ಆಗಿದ್ದರೆ ಮಾತ್ರ ನಂಬಬೇಕು.

ಮೊದಲನೆಯ ನಿಯಮ ಇಲ್ಲದಿದ್ದರೆ ಎರಡನೆಯದಕ್ಕೆ ಬೆಲೆಯಿಲ್ಲ. ಮೂವರೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡಿಕೊಂಡು ಬಂದರೆ ಅದು ಮೂರು ಸಾಕ್ಷಿಯಲ್ಲ, ಒಂದೇ ಸಾಕ್ಷಿಯ ಮೂರು ಪ್ರತಿ. ಪ್ರಯೋಗಾಲಯದಲ್ಲಿ ಪಕ್ಕದವನ ವಹಿ ನೋಡಿ ಅಳತೆ ಬರೆದುಕೊಳ್ಳಬೇಡಿರಿ, ನೀವೇ ಅಳೆಯಿರಿ ಎಂದು ನಾವು ಹೇಳುವುದು ಇದೇ ಕಾರಣಕ್ಕೆ.

ಇನ್ನು ಕೈಯಿಂದ ಮಾಡಿ ನೋಡುವ ಭಾಗಕ್ಕೆ ಬರೋಣ. ಅದೃಶ್ಯ ಶಾಯಿಗೆ ಲಿಂಬೆಹಣ್ಣೊಂದು ಸಾಕು. ರಸದಲ್ಲಿ ಕಡ್ಡಿ ಅದ್ದಿ ಬಿಳಿ ಕಾಗದದ ಮೇಲೆ ಬರೆದು ಒಣಗಿಸಿರಿ. ಮನೆಯ ಹಿರಿಯರ ಕೈಯಲ್ಲಿ ಅದರ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಕಂದು ಅಕ್ಷರ ಮೂಡುತ್ತವೆ. ರಸದಲ್ಲಿರುವ ಸಾವಯವ ಪದಾರ್ಥಗಳು ಕಾಗದಕ್ಕಿಂತ ಮೊದಲು ಕಾಯ್ದು ಕಂದುತ್ತವೆ, ಅಷ್ಟೆ. ಅನ್ನದ ಗಂಜಿಯಿಂದ ಬರೆದು, ನೀರು ಬೆರೆಸಿದ ಅಯೋಡಿನ್ ಸವರಿದರೆ ಅಕ್ಷರ ಕಡುನೀಲಿಯಾಗುತ್ತವೆ. ಪಿಷ್ಟದ ಪರೀಕ್ಷೆ ಎಂದು ನೀವು ಪಾಠದಲ್ಲಿ ಓದಿದ್ದು ಇದೇ.

ಇದು ಆಟವೆಂದು ನಗಬೇಡಿರಿ. ಒಂದನೇ ಮಹಾಯುದ್ಧದಲ್ಲಿ ಕಾರ್ಲ್ ಮುಲ್ಲರ್ ಎಂಬ ಜರ್ಮನ್ ಗೂಢಚಾರ ಲಂಡನ್ನಿನಿಂದ ಲಿಂಬೆರಸದಲ್ಲಿ ಸುದ್ದಿ ಬರೆದು ಕಳಿಸುತ್ತಿದ್ದ. ಅಂಚೆಯ ತಪಾಸಣೆಯಲ್ಲಿ ಪತ್ರ ಸಿಕ್ಕಿಬಿದ್ದು, ಬಿಸಿ ತಾಗಿಸಿದಾಗ ಅಕ್ಷರ ಎದ್ದವು. ಅವನಲ್ಲಿ ದೊರೆತ ಲಿಂಬೆಹಣ್ಣು ನ್ಯಾಯಾಲಯದಲ್ಲಿ ಸಾಕ್ಷಿಯಾಯಿತು. 1915ರ ಜೂನ್ 23ರಂದು ಅವನಿಗೆ ಮರಣದಂಡನೆಯಾಯಿತು. ಇಲ್ಲಿ ಗಮನಿಸಿರಿ: ಪತ್ರವಿತ್ತು, ಅದರ ಮೇಲಿನ ಬರಹವಿತ್ತು, ಬರೆದ ರಸದ ಮೂಲವಿತ್ತು. ಒಂದನ್ನೊಂದು ಬೆಂಬಲಿಸುವ ಮೂರು ಆಧಾರಗಳು.

ಎರಡನೇ ಪ್ರಯೋಗ ಗುಪ್ತಲಿಪಿ. ಕ ದಿಂದ ಳ ವರೆಗೆ ನಮ್ಮ ವ್ಯಂಜನಗಳು 34. ಪ್ರತಿಯೊಂದನ್ನೂ ಒಂದು ಮನೆ ಮುಂದಕ್ಕೆ ಸರಿಸಿದರೆ ‘ಗದಗ’ ಎಂಬುದು ‘ಘಧಘ’ ಆಗುತ್ತದೆ. ರೋಮಿನ ಜೂಲಿಯಸ್ ಸೀಸರ್ ತನ್ನ ಲಿಪಿಯಲ್ಲಿ ಮೂರು ಮನೆ ಸರಿಸಿ ಬರೆಯುತ್ತಿದ್ದನಂತೆ. ಇದನ್ನು ಬಿಡಿಸುವುದು ಕಷ್ಟವೇ? 34 ವ್ಯಂಜನಗಳಿದ್ದರೆ ಸರಿಸುವ ಬಗೆ 33 ಮಾತ್ರ. ಒಂದು ಮಧ್ಯಾಹ್ನ ಕುಳಿತರೆ ಎಲ್ಲವನ್ನೂ ಪರೀಕ್ಷಿಸಬಹುದು. ಅಕ್ಷರಗಳನ್ನು ಅಡ್ಡಾದಿಡ್ಡಿ ಬದಲಿಸಿದ್ದರೆ ಇನ್ನೊಂದು ಉಪಾಯವಿದೆ. ಒಂಬತ್ತನೇ ಶತಮಾನದ ಬಗದಾದಿನ ಪಂಡಿತ ಅಲ್ ಕಿಂದಿ ಅದನ್ನು ಬರೆದಿಟ್ಟಿದ್ದಾನೆ: ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸು, ಭಾಷೆಯಲ್ಲಿ ಹೆಚ್ಚು ಬಳಕೆಯ ಅಕ್ಷರಕ್ಕೆ ಅದನ್ನು ಹೋಲಿಸು. ಮಕ್ಕಳೇ, ಇವತ್ತಿನ ಪತ್ರಿಕೆಯ ಒಂದು ಕಾಲಂ ತೆಗೆದುಕೊಂಡು ಕನ್ನಡದಲ್ಲಿ ಯಾವ ವ್ಯಂಜನ ಹೆಚ್ಚು ಬರುತ್ತದೆಂದು ಎಣಿಸಿರಿ. ಉತ್ತರ ನಾನು ಹೇಳುವುದಿಲ್ಲ. ಮೂವರು ಗೆಳೆಯರು ಬೇರೆ ಬೇರೆ ಪುಟ ಎಣಿಸಿ, ಆಮೇಲೆ ತಾಳೆ ನೋಡಿರಿ.

ತಾಳೆ ನೋಡದಿದ್ದರೆ ಏನಾಗುತ್ತದೆ? ಅದಕ್ಕೆ ನೂರ್ ಇನಾಯತ್ ಖಾನ್ ಅವರ ಕತೆ ಓದಬೇಕು. ಈಕೆ ನಮ್ಮ ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳು. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬೆಳೆದರು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ 1943ರ ಜೂನ್‌ನಲ್ಲಿ ಬ್ರಿಟನ್ ಅವರನ್ನು ವೈರ್‌ಲೆಸ್ ಆಪರೇಟರ್ ಆಗಿ ಗುಟ್ಟಾಗಿ ಕಳಿಸಿತು. ರೇಡಿಯೋ ಅಲೆ ಎತ್ತಣಿಂದ ಬರುತ್ತಿದೆ ಎಂದು ಎರಡು ಮೂರು ಕಡೆಯಿಂದ ಅಳೆದರೆ ಕಳಿಸುವವರ ಜಾಗ ಗೊತ್ತಾಗುತ್ತದೆ. ಹಾಗಾಗಿ ಅವರು ಜಾಗ ಬದಲಿಸುತ್ತ ಸಂದೇಶ ಕಳಿಸಬೇಕಾಗುತ್ತಿತ್ತು. ಅಕ್ಟೋಬರ್‌ನಲ್ಲಿ ಸೆರೆಸಿಕ್ಕರು. ಜರ್ಮನರು ಅವರ ಯಂತ್ರದಿಂದಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸತೊಡಗಿದರು. ಲಂಡನ್ನಿನ ಅಧಿಕಾರಿಗಳು ಬಂದದ್ದನ್ನು ನಂಬಿದರು. ಆ ನಂಬಿಕೆಯ ಮೇಲೆ ಕಳಿಸಿದ ಬೇರೆ ಗೂಢಚಾರರು ಇಳಿದದ್ದು ನೇರ ಶತ್ರುವಿನ ಕೈಗೆ. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ನೂರ್ ಅವರನ್ನು ಕೊಂದರು. ವಯಸ್ಸು 30. 1949ರಲ್ಲಿ ಬ್ರಿಟನ್ ಅವರಿಗೆ ಜಾರ್ಜ್ ಕ್ರಾಸ್ ಪದಕ ನೀಡಿತು.

ಇದು ದೂರದೇಶದ, ಯುದ್ಧಕಾಲದ ಮಾತಾಯಿತು. ನಮ್ಮ ದೇಶದಲ್ಲಿ, ಶಾಂತಿಯ ಕಾಲದಲ್ಲಿ ನಡೆದದ್ದೊಂದಿದೆ. ಪ್ರಾಜೆಕ್ಟಿನಲ್ಲಿ ಅದನ್ನು ಬಿಡಲೇಬಾರದು. 1994ರ ಅಕ್ಟೋಬರ್‌ನಲ್ಲಿ ತಿರುವನಂತಪುರದಲ್ಲಿ ಮಾಲ್ಡೀವ್ಸ್ ದೇಶದ ಮಹಿಳೆಯೊಬ್ಬರ ಬಂಧನವಾಯಿತು. ಅಲ್ಲಿಂದ ಸುದ್ದಿ ಬೆಳೆಯಿತು: ಇಸ್ರೋ ವಿಜ್ಞಾನಿಗಳು ರಾಕೆಟ್ಟಿನ ಗುಟ್ಟು, ಅದರಲ್ಲೂ ಕ್ರಯೋಜೆನಿಕ್ ಎಂಜಿನ್ನಿನ ತಂತ್ರಜ್ಞಾನವನ್ನು ಪಾಕಿಸ್ತಾನಕ್ಕೆ ಮಾರಿದರೆಂದು. ವಿಜ್ಞಾನಿಗಳಾದ ನಂಬಿ ನಾರಾಯಣನ್, ಶಶಿಕುಮಾರನ್ ಬಂಧಿತರಾದರು. ಬೆಂಗಳೂರಿನವರಿಬ್ಬರೂ ಸಿಕ್ಕಿಕೊಂಡರು: ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಭಾರತೀಯ ಪ್ರತಿನಿಧಿ ಕೆ. ಚಂದ್ರಶೇಖರ್ ಮತ್ತು ಗುತ್ತಿಗೆದಾರ ಎಸ್.ಕೆ. ಶರ್ಮಾ. ದಿನವೂ ಪತ್ರಿಕೆಗಳಲ್ಲಿ ಹೊಸ ಹೊಸ ಕತೆ. ವಿಚಾರಣೆಗೆ ಮೊದಲೇ ಜನ ತೀರ್ಪು ಕೊಟ್ಟಾಗಿತ್ತು.

ವಿಜ್ಞಾನ ಓದಿದವರಿಗೆ ಆಗಲೇ ಏಳಬೇಕಾಗಿದ್ದ ಸಾದಾ ಪ್ರಶ್ನೆಯೊಂದಿತ್ತು. ಕ್ರಯೋಜೆನಿಕ್ ಎಂಜಿನ್ ಎಂದರೆ ಸೊನ್ನೆಗಿಂತ 183 ಡಿಗ್ರಿ ಕೆಳಗಿನ ದ್ರವ ಆಮ್ಲಜನಕವನ್ನೂ 253 ಡಿಗ್ರಿ ಕೆಳಗಿನ ದ್ರವ ಜಲಜನಕವನ್ನೂ ಉರಿಸುವ ಯಂತ್ರ. ಅದನ್ನು ರಷ್ಯಾದಿಂದ ಪಡೆಯಲು 1991ರಲ್ಲಿ ಒಪ್ಪಂದವಾಗಿತ್ತು. ಅಮೆರಿಕದ ಒತ್ತಡದಿಂದ 1993ರಲ್ಲಿ ತಂತ್ರಜ್ಞಾನ ಕೊಡುವ ಮಾತು ರದ್ದಾಗಿತ್ತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ನಿನಿಂದ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. 1994ರಲ್ಲಿ ನಮ್ಮ ಕೈಯಲ್ಲಿಯೇ ಇರದಿದ್ದುದನ್ನು ಯಾರು, ಯಾರಿಗೆ ಮಾರುತ್ತಾರೆ?

1996ರಲ್ಲಿ ಸಿ.ಬಿ.ಐ. ತನಿಖೆ ಮುಗಿಸಿ ಆರೋಪ ಸುಳ್ಳೆಂದು ವರದಿ ಕೊಟ್ಟಿತು, ನ್ಯಾಯಾಲಯ ಒಪ್ಪಿತು. 1998ರಲ್ಲಿ ಸುಪ್ರೀಂ ಕೋರ್ಟು ಮರುತನಿಖೆಯ ಪ್ರಯತ್ನವನ್ನೂ ತಳ್ಳಿಹಾಕಿತು. 2018ರ ಸೆಪ್ಟೆಂಬರ್ 14ರಂದು ಅದೇ ಕೋರ್ಟು ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮರುವರ್ಷ ಪದ್ಮಭೂಷಣವೂ ಬಂತು. ಚಂದ್ರಶೇಖರ್ ಆ ತೀರ್ಪಿನ ಎರಡು ದಿನಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡರು; ತೀರ್ಪಿನ ಸುದ್ದಿ ತಿಳಿಯುವ ಪ್ರಜ್ಞೆ ಅವರಿಗಿರಲಿಲ್ಲ. ಅದೇ ನವೆಂಬರ್‌ನಲ್ಲಿ ಶರ್ಮಾ ಅವರೂ ಹೋದರು. 24 ವರ್ಷ! ಪರೀಕ್ಷಿಸದೆ ನಂಬಿದ ಸುದ್ದಿಯ ಬೆಲೆ ಇದು. ಕೌಟಿಲ್ಯನ ಮೂರು ಸಾಕ್ಷಿಯ ನಿಯಮವನ್ನು ಯಾರಾದರೂ ಮೊದಲ ವಾರದಲ್ಲಿಯೇ ನೆನೆದಿದ್ದರೆ!

ನಮ್ಮ ಜಿಲ್ಲೆಯ ಮಕ್ಕಳಿಗೆ ಸ್ಥಳೀಯ ಅಧ್ಯಾಯವೂ ಇದೆ. 1858ರ ಮೇ ತಿಂಗಳಲ್ಲಿ ಬ್ರಿಟಿಷರ ವಿರುದ್ಧ ಏಳಲು ಮುಂಡರಗಿ ಭೀಮರಾಯರು ಸಿದ್ಧತೆ ನಡೆಸಿದ್ದಾಗ, ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದವು. ಗುಟ್ಟು ಬಯಲಾದ ಮೇಲೆ ಕಾಯುವಂತಿರಲಿಲ್ಲ. ದಂಗೆ ಅವಸರದಲ್ಲಿ ಎದ್ದಿತು. ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಭೀಮರಾಯರು ಮಡಿದರು. ಗುಟ್ಟು ಒಡೆದಲ್ಲೆಲ್ಲ ಜನ ಒಬ್ಬ ದ್ರೋಹಿಯ ಹೆಸರು ಹುಡುಕುತ್ತಾರೆ. ಮಕ್ಕಳೇ, ಊರ ಹಿರಿಯರನ್ನು ಕೇಳಿರಿ, ಗದುಗಿನ ಗ್ರಂಥಾಲಯದಲ್ಲಿ ಗೆಝೆಟಿಯರ್ ತೆರೆಯಿರಿ, ಇತಿಹಾಸದ ಪುಸ್ತಕ ನೋಡಿರಿ. ಮೂರೂ ಒಂದೇ ಹೇಳಿದರೆ ಬರೆಯಿರಿ. ಇಲ್ಲದಿದ್ದರೆ ಯಾರ ಮನೆತನದ ಹೆಸರನ್ನೂ ಕಾಗದಕ್ಕೆ ಇಳಿಸಬೇಡಿರಿ. ಅವರ ಮೊಮ್ಮಕ್ಕಳು ಇಲ್ಲಿಯೇ ನಿಮ್ಮ ಪಕ್ಕದ ಬೆಂಚಿನಲ್ಲಿ ಕುಳಿತಿರಬಹುದು.

ಒಂದು ಎಚ್ಚರಿಕೆ. ಪ್ರಾಜೆಕ್ಟಿನ ಹೆಸರಿನಲ್ಲಿ ನೆರೆಯವರ ಬೆನ್ನುಹತ್ತುವುದು, ಇನ್ನೊಬ್ಬರ ಮೊಬೈಲು ತೆರೆಯುವುದು, ನಿಷೇಧಿತ ಜಾಗಗಳ ಫೋಟೋ ತೆಗೆಯುವುದು ಬೇಡ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಫೋನಿನಲ್ಲಿ ಗುರುತಿಲ್ಲದವರು ಸ್ನೇಹ ಬೆಳೆಸಿ ಅಪ್ಪನ ನೌಕರಿ, ಅಣ್ಣನ ಪೋಸ್ಟಿಂಗು ಕೇಳಿದರೆ ಮನೆಯಲ್ಲಿ ಹೇಳಿರಿ.

ಪಾಲಕರಿಗೂ ಒಂದು ಮಾತು. “ನಿಮ್ಮ ಹುಡುಗ ಶಾಲೆಗೆ ಚಕ್ಕರ್ ಹೊಡೀತಾನ”, “ನಿಮ್ಮ ಹುಡುಗಿ ಯಾರ ಕೂಡಾನೋ ನಿಂತಿದ್ಲು” ಎಂದು ಯಾರೋ ಬಂದು ಕಿವಿಯಲ್ಲಿ ಊದುತ್ತಾರೆ. ಅದೂ ಒಬ್ಬ ಬೇಹುಗಾರ ತಂದ ಸುದ್ದಿಯೇ. ಕೈ ಎತ್ತುವ ಮೊದಲು ಶಾಲೆಯ ಹಾಜರಿ ಕೇಳಿರಿ, ಗುರುಗಳನ್ನು ಕೇಳಿರಿ, ಎಲ್ಲಕ್ಕಿಂತ ಮೊದಲು ಮಗುವನ್ನೇ ಕೇಳಿರಿ. ಮೂರು ಕಡೆ ಕೇಳಲು ಒಂದು ದಿನ ಸಾಕು. ಸುಳ್ಳು ಮಾತಿಗೆ ಏಟು ತಿಂದ ಮಗು ಅದನ್ನು ಮರೆಯಲು ಎಷ್ಟು ವರ್ಷ ಬೇಕೋ, ಯಾರು ಬಲ್ಲರು?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಂಡದ್ದನ್ನೇ ಪ್ರಮಾಣಿಸಬೇಕಾದರೆ, ಕೇಳಿದ್ದನ್ನು ಎಷ್ಟು ಸಲ ಪ್ರಮಾಣಿಸಬೇಕು, ನೀವೇ ಲೆಕ್ಕ ಹಾಕಿರಿ.