ಗುಳ್ಳೆ ಬಣ್ಣದ್ದೋ, ಒಡಲಿನದ್ದೋ?

ಬಿಸಿಲು ಏರಿತೆಂದರೆ ಇಲ್ಲಿ ಹಾಯಿದೋಣಿಗಳಿಗೆ ರಜೆ, ಯಾರ್ಡಿನಲ್ಲಿರುವ ನಮಗೆ ಸೀಸನ್. ದುಬೈ, ಶಾರ್ಜಾ, ಅಜ್ಮಾನ್ ಕಡೆ ಈ ಕೆಲಸದಲ್ಲಿರುವ ನಮ್ಮ ಕರಾವಳಿಯವರ ಕಿವಿಗೆ ದಿನವೂ ಬೀಳುವ ಮಾತು ಒಂದೇ: ತಳ ಉಜ್ಜಿ, ಬಣ್ಣ ಬಳಿದು, ನಾಡಿದ್ದು ನೀರಿಗೆ ಬಿಡಿ. ಆ ಬಣ್ಣ ಮೂರು ತಿಂಗಳಲ್ಲಿ ಎದ್ದು ಬಂದರೆ ಬೈಗುಳ ಮಾತ್ರ ಬಳಿದವನಿಗೆ. ಕೆಲವು ಕಡೆ ಸಂಬಳಕ್ಕೂ ಕತ್ತರಿ ಬೀಳುತ್ತದೆ. ಅದಕ್ಕೇ ಈ ತಿಂಗಳು ದೋಣಿಯ ತಳದ ಮಾತು.

ಮೊದಲು ಸಿಪ್ಪೆ ಏಳುವುದನ್ನು ನೋಡೋಣ. ಎದ್ದ ಒಂದು ಚೂರನ್ನು ಕಿತ್ತು ಅದರ ಹಿಂಬದಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಚೂರು ದಪ್ಪಗಿದ್ದು ಪದರ ಪದರವಾಗಿದ್ದರೆ, ವರ್ಷ ವರ್ಷ ಹಳೆಯದನ್ನು ತೆಗೆಯದೆ ಮೇಲೆ ಮೇಲೆ ಬಳಿದಿದ್ದಾರೆ ಎಂದರ್ಥ. ಅದರ ಮೇಲೆ ಎಷ್ಟು ಒಳ್ಳೆಯ ಬಣ್ಣ ಹಾಕಿದರೂ ಹಳೆಯದರ ಜೊತೆ ಅದೂ ಉದುರುತ್ತದೆ. ಕೆಳಗೆ ನುಣ್ಣಗೆ ಹೊಳೆಯುವ ಜೆಲ್‌ಕೋಟ್ ಕಂಡರೆ, ಅಚ್ಚಿನಿಂದ ಬಂದ ಮೇಣವನ್ನು ಯಾರೂ ಒರೆಸಿಲ್ಲ, ಮೈಯನ್ನು ಉಜ್ಜಿ ಒರಟು ಮಾಡಿಲ್ಲ. ಎರಡಕ್ಕೂ ಮದ್ದು ಒಂದೇ, ಗಟ್ಟಿ ಹಿಡಿದಿರುವ ಪದರದವರೆಗೆ ಕೆರೆಯುವುದು. ಬೇಜಾರಿನ ಕೆಲಸ ಹೌದು, ಅಡ್ಡದಾರಿಯಂತೂ ಇಲ್ಲ.

ಗುಳ್ಳೆಯ ಕಥೆ ಬೇರೆ. ಒಂದನ್ನು ಚುಚ್ಚಿ ನೋಡಿ, ಆದರೆ ಕನ್ನಡಕ ಹಾಕಿಕೊಂಡೇ, ಮುಖ ಪಕ್ಕಕ್ಕೆ ಇಟ್ಟುಕೊಂಡೇ. ಒಳಗಿನ ನೀರು ಒತ್ತಡದಲ್ಲಿರುತ್ತದೆ, ಚಿಮ್ಮುತ್ತದೆ. ಜಿಡ್ಡು ಜಿಡ್ಡಾಗಿ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅದು ಬಣ್ಣದ ದೋಷವಲ್ಲ, ಫೈಬರ್ ಒಡಲಿನದ್ದು. ಜೆಲ್‌ಕೋಟ್ ಪೂರ್ತಿ ನೀರು ತಡೆಯುವ ವಸ್ತುವಲ್ಲ. ಸೂಕ್ಷ್ಮವಾಗಿ ಒಳನುಗ್ಗಿದ ನೀರು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಉಳಿದ ಕರಗುವ ಅಂಶಗಳನ್ನು ಕರಗಿಸಿಕೊಂಡು ಗಟ್ಟಿ ದ್ರಾವಣವಾಗುತ್ತದೆ. ಅದು ಹೊರಗಿನ ನೀರನ್ನು ಇನ್ನಷ್ಟು ಎಳೆಯುತ್ತದೆ, ಜಾಗ ಸಾಲದೆ ಮೈ ಉಬ್ಬುತ್ತದೆ. ಆಸ್ಮೋಸಿಸ್ ಅಂತ ಸೂಪರ್‌ವೈಸರ್ ಹೇಳುವುದು ಇದನ್ನೇ. ನೀರು ಬಿಸಿಯಾದಷ್ಟೂ ಇದು ಜೋರು, ಬೇಸಿಗೆಯಲ್ಲಿ ಇಲ್ಲಿನ ಕಡಲು 30 ಡಿಗ್ರಿ ದಾಟುತ್ತದೆ. ಊರಲ್ಲಿ ದಡಕ್ಕೆ ಎಳೆದು ಹಾಕುವ ಫೈಬರ್ ದೋಣಿಗೆ ಒಣಗಲು ಪುರುಸೊತ್ತು ಸಿಗುತ್ತದೆ. ಮರೀನಾದ ಹಾಯಿದೋಣಿ ವರ್ಷವಿಡೀ ನೀರಲ್ಲೇ ನಿಂತಿರುತ್ತದೆ.

ಇಂಥ ಗುಳ್ಳೆಯ ಮೇಲೆ ಬಣ್ಣ ಬಳಿಯುವುದು ಕೀವಿನ ಮೇಲೆ ಪಟ್ಟಿ ಕಟ್ಟಿದಂತೆ. ನಾಲ್ಕಾರು ಗುಳ್ಳೆಯಾದರೆ ಒಂದೊಂದನ್ನೇ ಗ್ರೈಂಡರ್‌ನಿಂದ ತೆರೆದು, ಗಟ್ಟಿ ಫೈಬರ್ ಸಿಗುವವರೆಗೆ ಬಿಡಿಸಿ, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಆಮೇಲೆ ಒಣಗಿಸುವುದು. ಎಲ್ಲರೂ ಅವಸರ ಮಾಡುವುದು ಇಲ್ಲೇ. ತಳ ತುಂಬ ಗುಳ್ಳೆಯಾಗಿದ್ದರೆ ಒಣಗಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಸುಲಭದ ಪರೀಕ್ಷೆ ಒಂದಿದೆ: ಒಂದಡಿ ಚೌಕದ ತೆಳು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ತಳಕ್ಕೆ ಅಂಟಿಸಿ. ಮೈ ಬಿಸಿಯೇರಿ ಕೆಲವು ಗಂಟೆಯಾದ ಮೇಲೆ ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು.

ಒಣಗಿದ ಮೇಲೆ ಮೊದಲು ತೆಳು ಎಪಾಕ್ಸಿ, ನಂತರ ಎಪಾಕ್ಸಿ ಫಿಲ್ಲರ್. ಕಾರಿಗೆ ಹಾಕುವ ಪುಟ್ಟಿ ನೀರಿನ ಕೆಳಗೆ ಬೇಡವೇ ಬೇಡ. ಎಪಾಕ್ಸಿ ಗಟ್ಟಿಯಾದ ಮೇಲೆ ಮೇಣದಂಥ ಜಿಡ್ಡು ಕೂತಿರುತ್ತದೆ, ಅದನ್ನು ನೀರು ಹಾಕಿ ತಿಕ್ಕಿ ತೆಗೆದೇ ಸ್ಯಾಂಡಿಂಗ್. ಅದರ ಮೇಲೆ ಎಪಾಕ್ಸಿ ತಡೆಪದರ, ಹಲವು ಕೋಟ್ ಸೇರಿ ಸುಮಾರು 250 ಮೈಕ್ರಾನ್. ಕೊನೆಯ ಕೋಟ್ ಬೆರಳಿಗೆ ಅಂಟದಿದ್ದರೂ ಗುರುತು ಮೂಡುವಷ್ಟು ಮೆತ್ತಗಿರುವಾಗಲೇ ಆಂಟಿಫೌಲಿಂಗ್ ಬಣ್ಣ ಬಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಆ ಹೊತ್ತು ತಪ್ಪಿದರೆ ಮತ್ತೆ ಉಜ್ಜಬೇಕು. ಡಬ್ಬಿಯ ಡೇಟಾ ಶೀಟಿನಲ್ಲಿ ಸಮಯ ಬರೆದಿರುತ್ತದೆ, ಕೇಳಿ ತೆಗೆದುಕೊಳ್ಳಿ. ಬೆಳಗ್ಗೆ ತಳ ಬೆವೆತಿರುವಾಗ ಬ್ರಷ್ ಮುಟ್ಟಬೇಡಿ. ಮೈಯ ಬಿಸಿ, ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು.

ಇನ್ನು ನಮ್ಮ ಮೈಯ ಮಾತು. ತಳದ ಬಣ್ಣ ಇರುವುದೇ ಚಿಪ್ಪು, ಪಾಚಿಗಳನ್ನು ಕೊಲ್ಲಲು. ಹೆಚ್ಚಿನವುಗಳಲ್ಲಿ ತಾಮ್ರದ ಆಕ್ಸೈಡ್ ಇರುತ್ತದೆ. ಬಹಳ ಹಳೆಯ ದೋಣಿಯಾದರೆ 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದ ತವರದ ವಿಷವೂ ಕೆಳಪದರದಲ್ಲಿ ಉಳಿದಿರಬಹುದು. ಒಣ ಸ್ಯಾಂಡಿಂಗ್ ಬೇಡ, ನೀರು ಹಾಕಿಕೊಂಡೇ ಉಜ್ಜಿ. ಮುಖಕ್ಕೆ ಕಟ್ಟಿದ ಕರವಸ್ತ್ರ, ಕಾಗದದ ಮಾಸ್ಕ್ ಯಾವುದಕ್ಕೂ ಸಾಲದು. ದೂಳಿಗೂ ಆವಿಗೂ ಆಗುವ ಕಾರ್ಟ್ರಿಜ್ ಇರುವ ಮಾಸ್ಕ್ ಕೇಳಿ. ಗಡ್ಡ ಬಿಟ್ಟವರಿಗೆ ಆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ ಅನ್ನುವುದೂ ಗೊತ್ತಿರಲಿ. ಕೈಗೆ ಮೆತ್ತಿದ ಎಪಾಕ್ಸಿಯನ್ನು ಥಿನ್ನರ್‌ನಲ್ಲಿ ತೊಳೆಯುವ ಅಭ್ಯಾಸ ಬಿಡಿ. ಒಮ್ಮೆ ಅಲರ್ಜಿ ಹತ್ತಿದರೆ ಈ ಕಸುಬೇ ಕೈಬಿಡಬೇಕಾಗುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಹೊರಗೆ ಕೆಲಸ ಮಾಡಿಸುವಂತಿಲ್ಲ ಎಂಬುದು ಯುಎಇಯ ನಿಯಮ.

ದೋಣಿ ಮೇಲೆತ್ತಿ ತೊಳೆದ ದಿನವೇ ತಳದ ಫೋಟೋ ತೆಗೆದಿಡಿ. ಗುಳ್ಳೆ ಎಷ್ಟು, ಒಡೆದಾಗ ಏನು ಬಂತು, ಪ್ಲಾಸ್ಟಿಕ್ ಹಾಳೆಯಲ್ಲಿ ಹನಿ ಇತ್ತೋ ಇಲ್ಲವೋ, ಇದನ್ನೆಲ್ಲ ಎರಡು ಸಾಲು ಬರೆದು ಫೋರ್‌ಮನ್‌ಗೆ ವಾಟ್ಸ್ಯಾಪ್ ಮಾಡಿ. ‘ಇನ್ನೂ ಒದ್ದೆ ಇದೆ ಸರ್, ಆದರೂ ಬಳಿಯಬೇಕಾ?’ ಎಂದು ಕೇಳಿ, ಉತ್ತರ ಬರಲಿ. ಬಣ್ಣದ ಡಬ್ಬಿ ತೆರೆಯುವುದು ಆಮೇಲೆ.