‘ಹಳೇ ಗಾಡಿಯ ಸದ್ದು’ ನಿಜಕ್ಕೂ ಹಳೆಯದೇ? ರೆಟ್ರೋ ಬೈಕ್‌ಗಳ ಸೆಳೆತ ಮತ್ತು ಅದರ ಹಿಂದಿನ ವಿಜ್ಞಾನ

ಆಳಂದ ತಾಲೂಕಿನ ಹಿರೋಳ್ಳಿ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಊರು. ತೊಗರಿ ರಾಶಿ ಮುಗಿದ ಹೊತ್ತಿಗೆ ಅಲ್ಲಿನ ನಮ್ಮ ಸಂಬಂಧಿಕರ ಮನೆಯಲ್ಲಿ ಒಂದೇ ಚರ್ಚೆ. ಮಗನಿಗೆ ಎರಡು ಸಿಲಿಂಡರ್‌ನ 650 ಸಿಸಿ ಬೈಕ್ ಬೇಕು. ಬೆಲೆ ಮೂರು ಲಕ್ಷಕ್ಕೂ ಮೇಲೆ, ಅರ್ಧ ದುಡ್ಡು ಸಾಲ. ಒಂದು ಕಾಲಕ್ಕೆ ಎಜ್ಡಿ ಓಡಿಸಿದ್ದ ಕಾಕಾ ಮಗನ ಪರ ನಿಂತರು. “ಆವಾಜ್ ಕೇಳಿ ನೋಡು, ಹಳೀ ಗಾಡಿದೇ ಆವಾಜ್ ಅದ. ಹಿಂಗ ಆವಾಜ್ ಬರೋ ಗಾಡಿಗೆ ದಮ್ ಇರ್ತದ” ಎಂದರು.

ಈ ಮಾತಿನಲ್ಲಿ ಎರಡು ನಂಬಿಕೆಗಳಿವೆ. ಒಂದು, ಈ ಸದ್ದು ಹಳೆಯ ಬೈಕಿನದು. ಎರಡು, ಸದ್ದು ಹೆಚ್ಚಿದ್ದರೆ ಶಕ್ತಿಯೂ ಹೆಚ್ಚು. ಸಾಲ ಮಾಡಿ ಕೊಳ್ಳುವ ಮುನ್ನ ಎರಡನ್ನೂ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಮೂಲ ಎಲ್ಲಿಯದು?

ಇಂದಿನ ರೆಟ್ರೋ ಬೈಕ್‌ಗಳಲ್ಲಿ ಹಲವಕ್ಕೆ ಮಾದರಿ ಬ್ರಿಟನ್ನಿನ ಜೋಡಿ ಸಿಲಿಂಡರ್ ಬೈಕ್‌ಗಳು. 1937ರಲ್ಲಿ ಎಡ್ವರ್ಡ್ ಟರ್ನರ್ ವಿನ್ಯಾಸಗೊಳಿಸಿದ 498 ಸಿಸಿಯ ಟ್ರಯಂಫ್ ಸ್ಪೀಡ್ ಟ್ವಿನ್ ಇವುಗಳಿಗೆ ದಾರಿ ತೋರಿಸಿತು. 1959ರಲ್ಲಿ ಟ್ರಯಂಫ್ ಬೊನೆವಿಲ್ ಬಂತು. ಬಿಎಸ್‌ಎ, ನಾರ್ಟನ್, ರಾಯಲ್ ಎನ್‌ಫೀಲ್ಡ್ ಕಂಪನಿಗಳೂ ಇಂಥವನ್ನು ಮಾಡಿದವು. 1969ರಲ್ಲಿ ಜಪಾನಿನ ಹೋಂಡಾ ನಾಲ್ಕು ಸಿಲಿಂಡರ್, ಎಲೆಕ್ಟ್ರಿಕ್ ಸ್ಟಾರ್ಟ್, ಡಿಸ್ಕ್ ಬ್ರೇಕ್ ಇದ್ದ ಸಿಬಿ 750 ತಂದ ಮೇಲೆ, ನಡುಗುವ ಮತ್ತು ಆಯಿಲ್ ಸೋರುವ ಬ್ರಿಟಿಷ್ ಬೈಕ್‌ಗಳು ಹಿಂದೆ ಬಿದ್ದವು.

ನಂತರ ಅದೇ ರೂಪ ಮತ್ತೆ ಬಂತು. ಕವಾಸಾಕಿಯ ಡಬ್ಲ್ಯು 650 1999ರಲ್ಲಿ, ಹೊಸ ಬೊನೆವಿಲ್ 2001ರಲ್ಲಿ, ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ನಮ್ಮ ದೇಶದಲ್ಲಿ 2018ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದವು.

ಆ ಸದ್ದು ಎಷ್ಟು ಹಳೆಯದು?

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಿದಾಗ ಪ್ರತಿ ಸಿಲಿಂಡರ್‌ನಲ್ಲಿ ಒಮ್ಮೆ ಇಂಧನ ಉರಿಯುತ್ತದೆ. ಹಳೆಯ ಬ್ರಿಟಿಷ್ ಎಂಜಿನ್‌ಗಳಲ್ಲಿ ಎರಡೂ ಪಿಸ್ಟನ್‌ಗಳು ಒಟ್ಟಿಗೆ ಮೇಲೇರಿ ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಆದರೆ ಉರಿಯುವುದು ಒಂದಾದ ಮೇಲೆ ಒಂದು, 360 ಡಿಗ್ರಿಗೊಮ್ಮೆ. ಹಾಗಾಗಿ ಸದ್ದು ಸಮ ಅಂತರದ್ದು. ಎರಡು ಪಿಸ್ಟನ್‌ಗಳ ತೂಕ ಒಂದೇ ದಿಕ್ಕಿಗೆ ಹಾರುವುದರಿಂದ ಗಾಡಿ ಜೋರಾಗಿ ನಡುಗುತ್ತಿತ್ತು.

ಇಂದಿನ ಇಂಟರ್‌ಸೆಪ್ಟರ್‌ನಲ್ಲಿ ಮತ್ತು 2016ರಿಂದೀಚಿನ ಬೊನೆವಿಲ್‌ಗಳಲ್ಲಿ ಕ್ರ್ಯಾಂಕ್ ಜೋಡಣೆ 270 ಡಿಗ್ರಿಯದು. ಒಮ್ಮೆ ಉರಿದ ಮೇಲೆ 270 ಡಿಗ್ರಿಗೆ ಇನ್ನೊಂದು ಸಿಲಿಂಡರ್ ಉರಿಯುತ್ತದೆ, ನಂತರ 450 ಡಿಗ್ರಿಗಳ ಬಿಡುವು. ನಮಗೆ ‘ಹಳೆಯದು’ ಎನಿಸುವ ಆ ಏರುಪೇರಿನ ಧಡಧಡ ಬರುವುದು ಇಲ್ಲಿಂದ. ಒಂದು ಪಿಸ್ಟನ್ ತುದಿಯಲ್ಲಿ ನಿಂತಾಗ ಇನ್ನೊಂದು ನಡುದಾರಿಯಲ್ಲಿ ವೇಗವಾಗಿ ಸಾಗುತ್ತಿರುವುದರಿಂದ ನಡುಕದ ಒಂದು ಭಾಗ ತಾನೇ ತಗ್ಗುತ್ತದೆ. ಉಳಿದದ್ದನ್ನು ಬ್ಯಾಲೆನ್ಸರ್ ಶಾಫ್ಟ್ ತಗ್ಗಿಸುತ್ತದೆ. ಯಮಹಾ ಈ ಜೋಡಣೆಯನ್ನು ಟಿಆರ್‌ಎಕ್ಸ್ 850 ಬೈಕಿಗೆ ಹಾಕಿದ್ದು 1995ರಲ್ಲಿ. ಅಂದರೆ 1960ರ ದಶಕದ ಬ್ರಿಟಿಷ್ ಬೈಕ್ ಈ ಸದ್ದು ಮಾಡುತ್ತಲೇ ಇರಲಿಲ್ಲ! ಇದು ಹಳೆಯದರಂತೆ ಕೇಳುವ ಹೊಸ ಸದ್ದು.

ಕಾಕಾನ ಎಜ್ಡಿ ಕಥೆ ಇನ್ನೂ ಬೇರೆ. ಅದು ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಟೂ ಸ್ಟ್ರೋಕ್ ಗಾಡಿ, ಮೂಲ ವಿನ್ಯಾಸ ಜೆಕ್ ದೇಶದ್ದು. ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಎಂದುಕೊಂಡವರು ಬಹಳ. ಆದರೆ 250 ಸಿಸಿ ಗಾಡಿಯಲ್ಲಿ ಇದ್ದದ್ದು ಒಂದೇ ಸಿಲಿಂಡರ್. ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಮರಳಿ ಬಂದ ಜಾವಾದಲ್ಲೂ ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಆದರೆ ಎಂಜಿನ್ 293 ಸಿಸಿಯ ಫೋರ್ ಸ್ಟ್ರೋಕ್, ಲಿಕ್ವಿಡ್ ಕೂಲಿಂಗ್, ತಯಾರಾಗುವ ಜಾಗ ಮಧ್ಯಪ್ರದೇಶದ ಪೀಥಂಪುರ.

ಹಾಗಾದರೆ ಮನಸ್ಸು ಸೋಲುವುದೇಕೆ?

ಹಳೆಯದರ ಹಂಬಲವನ್ನು 1688ರಲ್ಲಿ ಸ್ವಿಸ್ ವೈದ್ಯ ಯೊಹಾನ್ನೆಸ್ ಹೋಫರ್ ಒಂದು ಕಾಯಿಲೆ ಎಂದೇ ಬರೆದ. ‘ನಾಸ್ಟಾಲ್ಜಿಯಾ’ ಎಂಬ ಪದ ಅವನದೇ. ಇಂದು ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಹದಿಹರೆಯದಿಂದ ಮೂವತ್ತರ ಒಳಗಿನ ವರ್ಷಗಳ ನೆನಪು ಉಳಿದ ವಯಸ್ಸಿನದಕ್ಕಿಂತ ಗಟ್ಟಿ ಎಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಹೆಚ್ಚು ಮೆಚ್ಚಿದ್ದು ತಮಗೆ ಸುಮಾರು 24 ವರ್ಷವಿದ್ದಾಗ ಜನಪ್ರಿಯವಾಗಿದ್ದ ಹಾಡುಗಳನ್ನು. ಕಾಕಾನ ಎಜ್ಡಿ ಪ್ರೀತಿ ಇದರಿಂದ ಅರ್ಥವಾಗುತ್ತದೆ.

ಮಗನದು ಹಾಗಲ್ಲ, ಅವನು ಹುಟ್ಟಿದ್ದೇ ಆ ಕಾಲದ ನಂತರ. ಅವನದು ಎರವಲು ನೆನಪು: ಅಪ್ಪನ ಹಳೆಯ ಫೋಟೋ, ಸಿನಿಮಾ, ಜಾಹೀರಾತು. ಜೊತೆಗೆ ಗುಂಡು ಹೆಡ್‌ಲೈಟ್, ಕಣ್ಣಿಗೆ ಕಾಣುವ ಎಂಜಿನ್, ನೇರ ಸೀಟು. ಪ್ಲಾಸ್ಟಿಕ್ ಮುಚ್ಚಿದ ಬೈಕ್‌ಗಳ ನಡುವೆ ಇದು ‘ನನಗೆ ಅರ್ಥವಾಗುವ ಯಂತ್ರ’ ಎನಿಸುತ್ತದೆ. ಇದೂ ಅರ್ಧಸತ್ಯವೇ. ಬೊನೆವಿಲ್‌ನಲ್ಲಿ ಹಳೆಯ ಕಾರ್ಬ್ಯುರೇಟರ್‌ನಂತೆ ಕಾಣುವ ಭಾಗದ ಒಳಗೆ ಇರುವುದು ಫ್ಯುಯೆಲ್ ಇಂಜೆಕ್ಷನ್. ರಸ್ತೆ ಬದಿಯ ಮೇಸ್ತ್ರಿ ಬರೀ ಸ್ಕ್ರೂಡ್ರೈವರ್‌ನಿಂದ ಸರಿಮಾಡುವ ಕಾಲ ಹೋಯಿತು.

ಸದ್ದು ಹೆಚ್ಚಿದ್ದರೆ ಶಕ್ತಿ ಹೆಚ್ಚೇ?

ಇಲ್ಲ. 648 ಸಿಸಿಯ ಇಂಟರ್‌ಸೆಪ್ಟರ್‌ನ ಶಕ್ತಿ 47 ಅಶ್ವಶಕ್ತಿ. ಬರೀ 373 ಸಿಸಿಯ, ಒಂದೇ ಸಿಲಿಂಡರ್‌ನ ಕೆಟಿಎಂ 390 ಡ್ಯೂಕ್ 43ರ ಆಸುಪಾಸು ಕೊಡುತ್ತಿತ್ತು. ದೊಡ್ಡ ಎಂಜಿನ್ನಿನ ಲಾಭ ಬೇರೆ: ಕಡಿಮೆ ವೇಗದಲ್ಲೂ ಸಲೀಸಾಗಿ ಎಳೆಯುವ ಬಲ, ಅಂದರೆ 52 ನ್ಯೂಟನ್ ಮೀಟರ್ ಟಾರ್ಕ್. ಓಡಿಸುವಾಗ ‘ದಮ್’ ಎನಿಸುವುದು ಇದೇ.

ಈ ತಪ್ಪು ನಂಬಿಕೆಯ ನಿಜವಾದ ಅಪಾಯ ಸೈಲೆನ್ಸರ್ ಬದಲಿಸುವುದರಲ್ಲಿದೆ. ಒಳಗಿನ ತಡೆಗಳನ್ನು ತೆಗೆದರೆ ಸದ್ದು ಏರುತ್ತದೆ, ಆದರೆ ಕಂಪನಿ ಹೊಂದಿಸಿದ ಇಂಧನದ ಲೆಕ್ಕ ತಪ್ಪಿ ಕಡಿಮೆ ವೇಗದ ಎಳೆತ ಕುಂದಬಹುದು. ನಮ್ಮ ನಿಯಮದಲ್ಲಿ 175 ಸಿಸಿಗೆ ಮೇಲ್ಪಟ್ಟ ದ್ವಿಚಕ್ರ ವಾಹನಗಳಿಗೆ ಕಾರ್ಖಾನೆ ಹಂತದ ಮಿತಿ 80 ಡೆಸಿಬಲ್. ದಿನಕ್ಕೆ 85 ಡೆಸಿಬಲ್‌ ಸದ್ದಿನಲ್ಲಿ ಎಂಟು ಗಂಟೆ, ಇದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುವ ಮಿತಿ. ಪ್ರತಿ 3 ಡೆಸಿಬಲ್ ಏರಿದರೂ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಹೀಗೆ ಹೋದ ಕಿವಿ ಮರಳಿ ಬರುವುದಿಲ್ಲ.

‘ಹಳೇ ಕಬ್ಬಿಣ ಗಟ್ಟಿ, ಅದಕ್ಕೇ ಸುರಕ್ಷಿತ’ ಎಂಬ ಮಾತೂ ಹೀಗೆಯೇ. ಹಳೆಯ ಗಾಡಿಗಳಲ್ಲಿ ಇದ್ದದ್ದು ಡ್ರಮ್ ಬ್ರೇಕ್. ಇಂದು ಜೀವ ಕಾಯುವುದು ಡಿಸ್ಕ್ ಮತ್ತು ಎಬಿಎಸ್. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ ಎಬಿಎಸ್ ಕಡ್ಡಾಯ. ಅಂದರೆ ರೆಟ್ರೋ ಬೈಕಿನ ಸುರಕ್ಷತೆ ಬರುವುದು ಅದರಲ್ಲಿರುವ ಹೊಸತನದಿಂದ.

ಕೊಳ್ಳುವ ಮುನ್ನ

ಚೆಂದ ಕಂಡಿತು ಎಂದು ಬೈಕ್ ಕೊಳ್ಳುವುದು ತಪ್ಪಲ್ಲ. ಆದರೆ ಅದನ್ನು ಚೆಂದದ ಲೆಕ್ಕಕ್ಕೇ ಬರೆದುಕೊಳ್ಳಿ, ಗಟ್ಟಿತನದ ಲೆಕ್ಕಕ್ಕಲ್ಲ. 200 ಕೆಜಿಗೂ ಹೆಚ್ಚಿನ ಗಾಡಿಯನ್ನು ಮಳೆಗಾಲದ ಎರೆ ಮಣ್ಣಿನ ಹೊಲದ ದಾರಿಯಲ್ಲಿ ನಿಲ್ಲಿಸಿ ತಿರುಗಿಸಬಲ್ಲಿರಾ? ಸರ್ವಿಸ್ ಸೆಂಟರ್ ಎಷ್ಟು ದೂರ? ಒಂದು ವರ್ಷ ತೊಗರಿ ಕೈಕೊಟ್ಟರೂ ಕಂತು ಕಟ್ಟಬಹುದೇ?

ಇದನ್ನೆಲ್ಲ ಹೇಳಿದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರ ನಾ ಕೇಳಿದ್ದು ನನ್ನ ಎಜ್ಡಿ ಆವಾಜ್ ಅಲ್ಲೇನು?” ಎಂದು ನಕ್ಕರು. ಆಮೇಲೆ ಮಗನ ಕಡೆ ತಿರುಗಿ, ಕಂತು ಎಷ್ಟು ಬರ್ತದ ಎಂದು ಮೊದಲ ಸಲ ಕೇಳಿದರು.